ಮೂವತ್ತೈದನೇ ದಿನದ ಮರಿಗಳು

"ಡಾಕ್ಟ್ರಮ್ಮ, ನಿನ್ನೆ ನಾಲ್ಕು, ಇವತ್ತು ಬೆಳಗ್ಗೆ ಆರು. ಎಲ್ಲಾ ಭೇದಿ. ಏನಾದ್ರೂ ಔಷಧಿ ಹೇಳಿ."

ಈ ಫೋನ್ ಬಂದಾಗ ನಾನು ಬೇರೆ ಊರಿನ ಒಂದು ಕೊಟ್ಟಿಗೆಯಲ್ಲಿದ್ದೆ. ಕೈಗೆ ಉದ್ದನೆಯ ಗ್ಲೌಸ್ ಹಾಕಿಕೊಂಡು ಹಸುವಿನ ಗಬ್ಬ ನೋಡುತ್ತಿದ್ದೆ. ಹಸುವಿನ ಯಜಮಾನರೇ ಫೋನ್ ತೆಗೆದು ನನ್ನ ಕಿವಿಗೆ ಹಿಡಿದರು. ಆ ಕಡೆ ಮಾತಾಡುತ್ತಿದ್ದವರು ಮೊಲ ಸಾಕುವ ಒಬ್ಬ ಅಕ್ಕ. ನಾನು ಕೇಳಿದ್ದು ಒಂದೇ ಪ್ರಶ್ನೆ. "ಭೇದಿಯಲ್ಲಿ ರಕ್ತ ಇದೆಯಾ?" ಇಲ್ಲ ಅಂದರು. ಮೊಲದ ಮರಿ, ಭೇದಿ ಅಂದ ಮೇಲೆ ಕಾಕ್ಸಿಡಿಯಾ ಅನ್ನುವ, ಕಣ್ಣಿಗೆ ಕಾಣದ ಪರೋಪಜೀವಿಯೇ ಇರಬೇಕು ಅಂದುಕೊಂಡೆ. ನೀರಿಗೆ ಹಾಕುವ ಸಲ್ಫಾ ಪುಡಿಯ ಹೆಸರು ಹೇಳಿ, ಅಳತೆ ಹೇಳಿ, ಮತ್ತೆ ಹಸುವಿನ ಕಡೆ ತಿರುಗಿದೆ. ಎರಡು ನಿಮಿಷವೂ ಆಗಿರಲಿಲ್ಲ.

ಮರಿಗಳಿಗೆ ಎಷ್ಟು ದಿನ ಅಂತ ನಾನು ಕೇಳಲಿಲ್ಲ. ಆ ವಾರ ಏನು ಬದಲಾಗಿದೆ ಅಂತಲೂ ಕೇಳಲಿಲ್ಲ. ಆ ಎರಡು ಪ್ರಶ್ನೆ ಕೇಳಿದ್ದರೆ ಎಷ್ಟೋ ಮರಿ ಉಳಿಯುತ್ತಿದ್ದವು ಅಂತ ಈಗಲೂ ಅನಿಸುತ್ತದೆ.

ನಾನು ಪಶುವೈದ್ಯೆ. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಓಡಾಡಿಕೊಂಡು ಕೆಲಸ. ದಿನಕ್ಕೆ ಹತ್ತು ಕರೆ ಬಂದರೆ ಅದರಲ್ಲಿ ಎಂಟು ಹಸುವಿನದೇ. ಉಳಿದದ್ದು ಕುರಿ, ಮೇಕೆ, ಕೋಳಿ. ಕಾಲೇಜಿನಲ್ಲಿ ಮೊಲದ ಪಾಠ ಚಿಕ್ಕದು. ಹಸುವಿನ ಬಗ್ಗೆ ಓದಿದ್ದರಲ್ಲಿ ಅದು ಹತ್ತರಲ್ಲಿ ಒಂದು ಭಾಗವೂ ಇರಲಿಕ್ಕಿಲ್ಲ. ಆದರೆ ಮೊಲ ಸಾಕುವವರಿಗೆ ಅದೇ ಹೊಟ್ಟೆಪಾಡು. ಈ ಅಕ್ಕನ ಹತ್ತಿರ 40 ತಾಯಿ ಮೊಲ ಇದ್ದವು. ನ್ಯೂಜಿಲೆಂಡ್ ವೈಟ್ ಮತ್ತು ಸೋವಿಯತ್ ಚಿಂಚಿಲ್ಲಾ ತಳಿಯವು. ಮನೆಯ ಹಿಂದೆ ಶೀಟ್ ಹಾಕಿದ ಶೆಡ್, ಸೊಂಟದ ಎತ್ತರಕ್ಕೆ ಸಾಲಾಗಿ ಪಂಜರ, ಪಕ್ಕದಲ್ಲೇ ರೇಷ್ಮೆ ಸೊಪ್ಪಿನ ತೋಟ. ಶೆಡ್ಡಿನ ಕೆಲಸ ಪೂರ್ತಿ ಅವರದೇ.

ಮೂರನೇ ದಿನ ಮತ್ತೆ ಫೋನ್ ಬಂತು. ಇನ್ನೂ ಹನ್ನೊಂದು ಹೋಗಿದ್ದವು. ಆಗ ಹೋದೆ.

ಶೆಡ್ಡಿಗೆ ಕಾಲಿಟ್ಟಾಗ ಮೊದಲು ತಾಗಿದ್ದು ವಾಸನೆ. ಮೊಲದ ಶೆಡ್ಡಿಗೆ ಯಾವಾಗಲೂ ಒಂದು ಮೂತ್ರದ ಘಾಟು ಇರುತ್ತದೆ, ಅದು ಅಭ್ಯಾಸ ಆಗಿಬಿಡುತ್ತದೆ. ಇದು ಅದಲ್ಲ. ಹುಳಿ ಬೆರೆತ ವಾಸನೆ. ಮರಿಗಳ ಪಂಜರದಲ್ಲಿ ಏಳೆಂಟು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಬೆನ್ನು ಗೂನು, ಕಣ್ಣು ಅರೆಮುಚ್ಚಿದೆ, ರೋಮ ನಿಮಿರಿದೆ. ಒಂದನ್ನು ಕೈಗೆತ್ತಿಕೊಂಡೆ. ಹಿಂಗಾಲು, ಬಾಲದ ಕೆಳಗೆಲ್ಲ ಹಳದಿ ಹಸಿರು ನೀರು ಮೆತ್ತಿಕೊಂಡಿತ್ತು. ಹೊಟ್ಟೆ ಉಬ್ಬಿತ್ತು. ಮೆಲ್ಲಗೆ ಅಲ್ಲಾಡಿಸಿದರೆ ಒಳಗೆ ನೀರು ಕುಲುಕುವ ಸದ್ದು, ಅರ್ಧ ತುಂಬಿದ ಎಳನೀರಿನ ಥರ. ಕಿವಿ ಹತ್ತಿರ ಹಿಡಿದಾಗ ಇನ್ನೊಂದು ಸದ್ದು ಕೇಳಿತು. ಹಲ್ಲು ಕಡಿಯುತ್ತಿತ್ತು. ಮೊಲ ನೋವಿಗೆ ಕೂಗುವುದು ತೀರಾ ಅಪರೂಪ. ಹಲ್ಲು ಕಡಿದುಕೊಂಡು ಸುಮ್ಮನೆ ಕೂರುತ್ತದೆ. ಅರ್ಧ ಕೆ.ಜಿ. ತೂಗುವ ಆ ಜೀವ ನನ್ನ ಅಂಗೈಯಲ್ಲಿ ಹಲ್ಲು ಕಡಿಯುತ್ತಿದ್ದದ್ದು ಇವತ್ತಿಗೂ ಮರೆತಿಲ್ಲ.

ನೀರಿನ ಬಾಟಲಿ ನೋಡಿದೆ. ಹೆಚ್ಚು ಕಮ್ಮಿ ತುಂಬಿದ ಹಾಗೇ ಇತ್ತು. "ನೀವು ಹೇಳಿದ ಪುಡಿ ಹಾಕಿದಾಗಿಂದ ಕುಡೀತಾನೇ ಇಲ್ಲ" ಅಂದರು ಅಕ್ಕ. ನೀರಿನ ರುಚಿ ಕೆಟ್ಟಿತ್ತು. ಭೇದಿಯಲ್ಲಿ ಮೈಯ ನೀರೆಲ್ಲ ಹೋಗುತ್ತಿರುವ ಮರಿಗೆ, ಕುಡಿಯುವ ನೀರನ್ನೂ ನಾನೇ ತಪ್ಪಿಸಿದ್ದೆ.

ಅವತ್ತು ಬೆಳಗ್ಗೆ ಸತ್ತ ಎರಡು ಮರಿಗಳನ್ನು ಅಲ್ಲೇ ಪೋಸ್ಟ್‌ಮಾರ್ಟಂ ಮಾಡಿದೆ. ಪಿತ್ತಕೋಶದ ಪಕ್ಕ ಲಿವರ್ ಚೆನ್ನಾಗಿತ್ತು. ಲಿವರ್ ಕಾಕ್ಸಿಡಿಯಾ ಇದ್ದರೆ ಅದರ ಮೇಲೆ ಬಿಳಿ ಗಂಟುಗಳು ಎದ್ದು ಕಾಣುತ್ತವೆ. ಇಲ್ಲಿ ಒಂದೂ ಇಲ್ಲ. ಸಣ್ಣ ಕರುಳು ಮಾತ್ರ ಊದಿಕೊಂಡು, ಗೋಡೆ ತೆಳುವಾಗಿ, ಒಳಗಿನ ನೀರು ಹೊರಗಿನಿಂದಲೇ ಕಾಣುವಂತಿತ್ತು. ಸೀಕಂ ಅಂತ ಕರೆಯುವ ದೊಡ್ಡ ಚೀಲದಂಥ ಕರುಳಿನಲ್ಲಿ ಗಟ್ಟಿ ಹಿಟ್ಟಿನಂಥ ಪದಾರ್ಥ ಇರಬೇಕು. ಅಲ್ಲಿ ಬರೀ ನೀರು, ಗಾಳಿ. ಹಿಕ್ಕೆ ತಂದು ಆಸ್ಪತ್ರೆಯಲ್ಲಿ ಗಟ್ಟಿ ಉಪ್ಪು ನೀರಿನಲ್ಲಿ ತೇಲಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಕಾಕ್ಸಿಡಿಯಾದ ಮೊಟ್ಟೆಗಳು ಅಲ್ಲೊಂದು ಇಲ್ಲೊಂದು. ಆರೋಗ್ಯವಾಗಿರುವ ಮೊಲದಲ್ಲೂ ಅಷ್ಟು ಇರುತ್ತವೆ. ಇಷ್ಟು ಮರಿ ಸಾಯಲು ಅದು ಸಾಲದು.

ಸಂಜೆ ಅಕ್ಕನಿಗೆ ಫೋನ್ ಮಾಡಿದೆ. "ಅಕ್ಕ, ಇದು ಕಾಕ್ಸಿ ಅಲ್ಲ. ಆ ಪುಡಿ ನಿಲ್ಲಿಸಿ. ವೈರಸ್ ಥರ ಕಾಣುತ್ತೆ. ಅದಕ್ಕೆ ಔಷಧಿ ಇಲ್ಲ. ಸ್ಯಾಂಪಲ್ ಕಳಿಸೋಣ, ನೋಡೋಣ." ಸತ್ಯವನ್ನೇ ಹೇಳಿದ್ದೆ. ಹೇಳಿ ಸಮಾಧಾನವಾಗಿ ಊಟಕ್ಕೆ ಕೂತೆ.

ಆ ಕಡೆ ಅಕ್ಕನಿಗೆ ಹೇಗಾಗಿರಬೇಡ! ಪಂಜರದ ಮುಂದೆ ನಿಂತಿದ್ದಾರೆ. ಮರಿ ಸಾಯುತ್ತಿವೆ. ಡಾಕ್ಟರು ಔಷಧಿ ಇಲ್ಲ ಅಂದಿದ್ದಾರೆ. ಮಾಡಲು ಏನೂ ಹೇಳಿಲ್ಲ. ಕೈ ಖಾಲಿ. ಮರುದಿನ ಬೆಳಗ್ಗೆ ಅವರು ಪೇಟೆಗೆ ಹೋಗಿ ಒಂದು ಅಂಗಡಿಯಲ್ಲಿ ವಿಷಯ ಹೇಳಿದ್ದಾರೆ. ಅಲ್ಲಿ ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್ ಸಿರಪ್ ಕೊಟ್ಟಿದ್ದಾರೆ. ಗುಲಾಬಿ ಬಣ್ಣ, ಹಣ್ಣಿನ ವಾಸನೆ. ಮರಿಗಳು ಅದನ್ನು ಚಪ್ಪರಿಸಿಕೊಂಡು ಕುಡಿದವಂತೆ. ಎಷ್ಟೋ ದಿನದ ಮೇಲೆ ಮರಿ ಏನನ್ನೋ ಬಾಯಿ ಚಪ್ಪರಿಸಿ ಕುಡಿದದ್ದು ನೋಡಿ ಅಕ್ಕನಿಗೆ ಜೀವ ಬಂದ ಹಾಗಾಯ್ತಂತೆ. ಕಾಯಿಲೆ ಇಲ್ಲದ ದೊಡ್ಡ ಮರಿಗಳಿಗೂ ಮುಂಜಾಗ್ರತೆಗೆ ಅಂತ ಕುಡಿಸಿದರು. ಎರಡು ದಿನ ಬಿಟ್ಟು, ಅಲ್ಲಿಯವರೆಗೆ ಏನೂ ಆಗದಿದ್ದ ಎರಡೂವರೆ ತಿಂಗಳ ಮರಿಗಳು ಸಾಯಲು ಶುರುವಾದವು.

ಮೊಲ ಸಾಕುವವರು ಮತ್ತು ಮನೆಯಲ್ಲಿ ಮುದ್ದಿಗೆ ಒಂದೆರಡು ಮೊಲ ಇಟ್ಟುಕೊಂಡವರು ದಯವಿಟ್ಟು ಇದನ್ನು ಗಮನವಿಟ್ಟು ಓದಿ. ಮೊಲದ ಹೊಟ್ಟೆ ನಮ್ಮ ಹೊಟ್ಟೆಯ ಹಾಗಲ್ಲ. ಅದು ತಿಂದ ಹುಲ್ಲನ್ನು ಅರಗಿಸುವುದು ಸೀಕಂನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳು. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಲಿಂಕೋಮೈಸಿನ್, ಕ್ಲಿಂಡಮೈಸಿನ್, ಎರಿಥ್ರೋಮೈಸಿನ್ ಇಂಥವನ್ನು ಬಾಯಿಗೆ ಹಾಕಿದರೆ ಆ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ. ಖಾಲಿಯಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಜಾತಿಯವು ಬೆಳೆದು ವಿಷ ಬಿಡುತ್ತವೆ. ಆ ವಿಷಕ್ಕೆ ಮೊಲ ಒಂದೆರಡು ದಿನದಲ್ಲೇ ಹೋಗಿಬಿಡಬಹುದು. ಮಗುವಿಗೆ ಒಳ್ಳೆಯದು ಮಾಡುವ ಅದೇ ಸಿರಪ್ ಮೊಲಕ್ಕೆ ವಿಷ. ಪಶುವೈದ್ಯರಿಗೆಲ್ಲ ಇದು ಗೊತ್ತಿರುವ ವಿಷಯ. ನನಗೂ ಗೊತ್ತಿತ್ತು. ಆದರೆ ನಾನು ಅಕ್ಕನಿಗೆ ಹೇಳಿರಲಿಲ್ಲ. ಔಷಧಿ ಇಲ್ಲ ಅಂತ ಹೇಳಿದ್ದೆ, ಏನು ಕೊಡಬಾರದು ಅಂತ ಹೇಳಿರಲಿಲ್ಲ.

ಅವರ ಮೇಲೆ ರೇಗಲು ನನಗೆ ಬಾಯಿ ಬರಲಿಲ್ಲ. ಬರಬಾರದಿತ್ತು ಕೂಡ.

ಅವತ್ತು ಶೆಡ್ಡಿನಲ್ಲೇ ಒಂದು ಬಕೆಟ್ ಬೋರಲು ಹಾಕಿಕೊಂಡು ಕೂತೆ. ಅಕ್ಕನ ಹತ್ತಿರ ಒಂದು ನೋಟ್‌ಬುಕ್ ಇತ್ತು, ಮೊಳೆಗೆ ದಾರ ಕಟ್ಟಿ ತೂಗುಹಾಕಿದ್ದು. ಯಾವ ತಾಯಿ ಯಾವ ದಿನ ಗಂಡಿಗೆ ಬಿಟ್ಟದ್ದು, ಯಾವತ್ತು ಮರಿ ಹಾಕಿದ್ದು, ಎಷ್ಟು ಮರಿ, ಎಲ್ಲ ಬರೆದಿಟ್ಟಿದ್ದರು. ಮೊಲ ಗಬ್ಬ ಕಟ್ಟಿ 30ರಿಂದ 32 ದಿನಕ್ಕೆ ಮರಿ ಹಾಕುತ್ತದೆ, ಒಂದು ದಿನ ತಪ್ಪಿದರೂ ಗೂಡುಪೆಟ್ಟಿಗೆ ಇಡುವುದು ತಡವಾಗುತ್ತದೆ. ಹಾಗಾಗಿ ಅವರ ಲೆಕ್ಕ ಕಟ್ಟುನಿಟ್ಟು. ಸತ್ತ ಮರಿಗಳ ಪಕ್ಕದಲ್ಲಿ ಒಂದು ಗೀಟು, ಒಂದು ತಾರೀಕು. ನಾನು ಹುಟ್ಟಿದ ತಾರೀಕು, ಸತ್ತ ತಾರೀಕು ಎರಡನ್ನೂ ಕಳೆದು ಪಕ್ಕದಲ್ಲಿ ಬರೆಯುತ್ತಾ ಹೋದೆ. 34. 36. 35. 35. 38. 33. 41. 36.

ಸಿರಪ್‌ನಿಂದ ಹೋದವನ್ನು ಬಿಟ್ಟರೆ, ಸತ್ತವೆಲ್ಲ 33ರಿಂದ 41 ದಿನದ ಒಳಗಿನವು. ಗೂಡುಪೆಟ್ಟಿಗೆಯಲ್ಲಿ ತಾಯಿ ಜೊತೆ ಇದ್ದ ಚಿಕ್ಕ ಮರಿ ಒಂದೂ ಸತ್ತಿಲ್ಲ. ತಾಯಂದಿರಲ್ಲಿ ಯಾವುದಕ್ಕೂ ಭೇದಿ ಇಲ್ಲ. ಆ ಪುಟ ನೋಡುತ್ತಾ ಕೂತಾಗಲೇ ನನಗೆ ಇದು ಕರುಳಿಗೆ ತಗಲಿ ಭೇದಿ ಮಾಡಿಸುವ ರೋಟಾವೈರಸ್ ಅಂತ ಹೆಚ್ಚು ಕಮ್ಮಿ ಖಾತ್ರಿಯಾಯ್ತು. ಮೂರು ದಿನ ಮೈಕ್ರೋಸ್ಕೋಪಿನಲ್ಲಿ ಕಾಣದ್ದು ಆ ನೋಟ್‌ಬುಕ್ಕಿನಲ್ಲಿ ಕಂಡಿತು.

ಯಾಕೆ ಆ ವಯಸ್ಸು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕರುವಿಗೆ ತಾಯಿಯ ರಕ್ಷಣೆ ಸಿಗುವುದು ಗಿಣ್ಣದ ಹಾಲಿನಿಂದ. ಹುಟ್ಟಿದ ಕೂಡಲೇ ಗಿಣ್ಣ ಕುಡಿಸಿ ಅಂತ ನಾವು ಬಡಿದುಕೊಳ್ಳುವುದು ಅದಕ್ಕೇ. ಮೊಲದಲ್ಲಿ ಹಾಗಲ್ಲ. ತಾಯಿಯ ರಕ್ತದಲ್ಲಿರುವ ರೋಗನಿರೋಧಕ ಅಂಶದ ದೊಡ್ಡ ಪಾಲು ಮರಿ ಇನ್ನೂ ಹೊಟ್ಟೆಯಲ್ಲಿರುವಾಗಲೇ ಮರಿಗೆ ಹೋಗಿರುತ್ತದೆ. ಹುಟ್ಟಿದ ಮೇಲೆ ಹಾಲೂ ಕಾಯುತ್ತದೆ. ತಾಯಿ ಮೊಲ ದಿನಕ್ಕೆ ಒಂದೇ ಸಲ, ಮೂರು ನಾಲ್ಕು ನಿಮಿಷ ಮಾತ್ರ ಹಾಲು ಕುಡಿಸುತ್ತದೆ. ಆದರೆ ಆ ಹಾಲಿನ ಕೊಬ್ಬಿನಿಂದ ಮರಿಯ ಹೊಟ್ಟೆಯಲ್ಲಿ ಹುಟ್ಟುವ ಅಂಶಗಳಿಗೆ ಕೆಟ್ಟ ಬ್ಯಾಕ್ಟೀರಿಯಾವನ್ನು ತಡೆಯುವ ಶಕ್ತಿ ಇದೆ. ತಾಯಿಯಿಂದ ಬಂದ ರಕ್ಷಣೆ ನಾಲ್ಕು ವಾರದ ಹೊತ್ತಿಗೆ ಇಳಿಯುತ್ತಾ ಬರುತ್ತದೆ. ಮರಿಯದೇ ಸ್ವಂತ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಸರಿಯಾಗಿ ಅದೇ ಹೊತ್ತಿಗೆ ನಾವು ತಾಯಿಯಿಂದ ಬಿಡಿಸುತ್ತೇವೆ. ಹಾಲೂ ನಿಂತಿತು. ರೋಟಾವೈರಸ್ ನುಗ್ಗುವುದು ಈ ಸಂದಿಯಲ್ಲಿ.

ಒಳಗೆ ಹೋದ ವೈರಸ್ ಮಾಡುವುದೇನು? ಸಣ್ಣ ಕರುಳಿನ ಒಳಮೈ ಟರ್ಕಿ ಟವೆಲಿನ ಥರ ಇರುತ್ತದೆ. ಲಕ್ಷಾಂತರ ಸಣ್ಣ ಸಣ್ಣ ಕುಚ್ಚು. ತಿಂದದ್ದನ್ನು ಹೀರುವುದು ಆ ಕುಚ್ಚುಗಳು. ವೈರಸ್ ಹಿಡಿಯುವುದು ಅವುಗಳ ತುದಿಯನ್ನೇ. ತುದಿ ಉದುರಿ ಕುಚ್ಚು ಮೋಟಾಗುತ್ತದೆ. ಆಗ ತಿಂದದ್ದು ಸರಿಯಾಗಿ ಅರಗುವುದಿಲ್ಲ, ನೀರು ಹೀರುವುದಿಲ್ಲ. ಎಲ್ಲವೂ ಹಾಗೇ ಮುಂದೆ ಹೋಗಿ ಸೀಕಂನಲ್ಲಿ ಹುಳಿಯುತ್ತದೆ. ಹೊಟ್ಟೆ ಉಬ್ಬುವುದು, ಆ ಹುಳಿ ವಾಸನೆ, ಎಲ್ಲ ಅದರಿಂದ. ಆದರೆ ಕುಚ್ಚಿನ ಬುಡ ಸಾಮಾನ್ಯವಾಗಿ ಉಳಿದಿರುತ್ತದೆ. ಕೆಲವೇ ದಿನದಲ್ಲಿ ಅದು ಮತ್ತೆ ಚಿಗುರುತ್ತದೆ. ಅಷ್ಟು ದಿನ ಮರಿಯ ಮೈಯಲ್ಲಿ ನೀರು ಉಳಿಸಿದರೆ ಮರಿ ಬದುಕುತ್ತದೆ. ನಾನು ಆ ಮೊದಲ ಸಂಜೆ ಹೇಳಬೇಕಿದ್ದದ್ದು ಈ ಮಾತು.

ರೋಟಾವೈರಸ್ ಒಂದೇ ಬಂದರೆ ಮೊಲದ ಮರಿಗಳಲ್ಲಿ ಇಷ್ಟು ಸಾವು ಸಾಮಾನ್ಯವಾಗಿ ಆಗುವುದಿಲ್ಲ. ಎರಡು ದಿನ ಮೆತ್ತಗೆ ಹಾಕಿ ಚೇತರಿಸಿಕೊಳ್ಳುತ್ತವೆ. ಅದರ ಜೊತೆ ಕೆಟ್ಟ ಜಾತಿಯ ಈ. ಕೋಲೈ ಬ್ಯಾಕ್ಟೀರಿಯಾ ಸೇರಿಕೊಂಡರೆ, ಅಥವಾ ಮೇವು ತಪ್ಪಿದರೆ, ಆಗ ಸಾವು ಏರುತ್ತದೆ. ಹಾಗಾಗಿ ಆ ವಾರಗಳಲ್ಲಿ ಏನು ಬದಲಾಯ್ತು ಅಂತ ಕೇಳುತ್ತಾ ಹೋದೆ. ಅಕ್ಕ ಒಂದೊಂದೇ ಹೇಳಿದರು. ಮಳೆ ಹಿಡಿದದ್ದರಿಂದ ಹುಲ್ಲು ಒಣಗಿಸಲು ಆಗಿರಲಿಲ್ಲ. ಅದಕ್ಕೆ ಬದಲಾಗಿ ಕೈತಿಂಡಿ, ಅಂದರೆ ಕಾಳು ಹಿಂಡಿಯ ಮೇವು, ಜಾಸ್ತಿ ಮಾಡಿ ಮುಸುಕಿನ ಜೋಳದ ನುಚ್ಚು ಸೇರಿಸಿದ್ದರು. ಬೇಗ ತೂಕ ಬರುತ್ತೆ ಅಂತ ಯಾರೋ ಹೇಳಿದ್ದರಂತೆ. 28ನೇ ದಿನ ತಾಯಿಯಿಂದ ಬಿಡಿಸಿ, ನಾಲ್ಕೈದು ತಾಯಂದಿರ ಮರಿಗಳನ್ನು ಒಂದೇ ದೊಡ್ಡ ಪಂಜರಕ್ಕೆ ಹಾಕಿದ್ದರು. ಆ ಪಂಜರ ಯಾವತ್ತೂ ಖಾಲಿಯಾಗುತ್ತಿರಲಿಲ್ಲ. ದೊಡ್ಡವು ಮಾರಾಟವಾದ ಹಾಗೆ ಚಿಕ್ಕವು ಬಂದು ಸೇರುತ್ತಿದ್ದವು. ಇದರ ನಡುವೆ ಬೇರೆ ಕಡೆಯಿಂದ ತಂದ ಎರಡು ತಾಯಿ ಮೊಲಗಳನ್ನು ನೇರವಾಗಿ ಸಾಲಿನ ಮಧ್ಯೆಯೇ ಇಟ್ಟಿದ್ದರು.

ಮರಿಯ ಕಡೆಯಿಂದ ನೋಡಿ. ಒಂದೇ ದಿನ ತಾಯಿ ಇಲ್ಲ, ಗೂಡು ಇಲ್ಲ, ಗೊತ್ತಿಲ್ಲದ ಇಪ್ಪತ್ತು ಮರಿಗಳ ಮಧ್ಯೆ ಬಂದು ಬಿದ್ದಿದೆ, ತಿನ್ನುವುದೂ ಬೇರೆ. ನುಚ್ಚಿನ ಪಿಷ್ಟ ಆ ಎಳೆ ಕರುಳಿನಲ್ಲಿ ಪೂರ್ತಿ ಅರಗದೆ ಸೀಕಂಗೆ ಇಳಿದು ಕೆಟ್ಟ ಬ್ಯಾಕ್ಟೀರಿಯಾಗಳಿಗೆ ಊಟ ಆಗುತ್ತದೆ. ಹುಲ್ಲಿನ ನಾರು ಇದ್ದಿದ್ದರೆ ಕರುಳು ಚಲಿಸುತ್ತಲಾದರೂ ಇರುತ್ತಿತ್ತು. ಅದೂ ಇಲ್ಲ.

ಸ್ಯಾಂಪಲ್ ವಿಷಯದಲ್ಲೂ ನಾನು ಮೊದಲು ಎಡವಿದ್ದೆ. ಸತ್ತು ತುಂಬಾ ಹೊತ್ತಾದ ಮರಿಯ ಹಿಕ್ಕೆ ಕಳಿಸಿದ್ದೆ. ಅದರಲ್ಲಿ ಏನೂ ಸಿಗಲಿಲ್ಲ. ಈ ವೈರಸ್ ಜಾಸ್ತಿ ಹೊರಬೀಳುವುದು ಭೇದಿ ಶುರುವಾಗುವ ಹೊತ್ತಿನಲ್ಲಿ. ಎರಡನೇ ಸಲ, ಅವತ್ತೇ ಬೆಳಗ್ಗೆ ಭೇದಿ ಶುರುವಾದ ಜೀವಂತ ಮರಿಗಳದ್ದನ್ನು ತೆಗೆದು ಐಸ್ ಡಬ್ಬಿಯಲ್ಲಿಟ್ಟು ಕಳಿಸಿದೆ. ನನ್ನ ಜೊತೆ ಓದಿದ ಗೆಳತಿಯೊಬ್ಬಳು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಅವಳು ಫೋನಿಗೆ ಒಂದು ಫೋಟೋ ಕಳಿಸಿದಳು. ಪಾರದರ್ಶಕ ಜೆಲ್ಲಿನ ಮೇಲೆ ಕಂದು ಬಣ್ಣದ ತೆಳು ಗೆರೆಗಳು. ಮೇಲೆ ನಾಲ್ಕು, ಆಮೇಲೆ ಎರಡು, ಆಮೇಲೆ ಒತ್ತಾಗಿ ಮೂರು, ಕೆಳಗೆ ಎರಡು. ಒಟ್ಟು 11. ರೋಟಾವೈರಸ್‌ನ ಆರ್‌ಎನ್‌ಎ, ಅಂದರೆ ಅದರ ವಂಶವಾಹಿ ವಸ್ತು, 11 ತುಣುಕುಗಳಾಗಿರುತ್ತದೆ. ಎ ಗುಂಪಿನ ರೋಟಾವೈರಸ್ ಜೆಲ್ಲಿನ ಮೇಲೆ ಇದೇ ರೀತಿ 4-2-3-2 ಆಗಿ ಸಾಲು ನಿಲ್ಲುತ್ತದೆ. ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಈ. ಕೋಲೈ ಕೂಡ ಬಂದಿತ್ತು. ಅದು ಯಾವ ಔಷಧಿಗೆ ಬಗ್ಗುತ್ತದೆ ಅಂತ ಗೊತ್ತಾದ ಮೇಲೆ, ತೀರಾ ಸೊರಗಿದ ಕೆಲವು ಮರಿಗಳಿಗೆ ಮಾತ್ರ ಮೊಲಕ್ಕೆ ಒಗ್ಗುವ ಇಂಜೆಕ್ಷನ್ ಕೊಟ್ಟೆ. ಇಡೀ ಶೆಡ್ಡಿಗೆ ಕೊಡಲಿಲ್ಲ.

ಆ ಫೋಟೋ ಅಕ್ಕನಿಗೆ ತೋರಿಸಿದೆ. ಅವರು ಕೇಳಿದ್ದು ಒಂದೇ. "ಇದು ಮಗೂಗೆ ಬರುತ್ತಾ?"

ಅವರ ಮಗಳು ಬಾಣಂತನಕ್ಕೆ ಬಂದಿದ್ದಳು. ಎರಡು ತಿಂಗಳ ಕೂಸು. ಬಾಣಂತಿ ಕೋಣೆಯ ಕಿಟಕಿ ಶೆಡ್ಡಿನ ಕಡೆಗೇ ಇತ್ತು. ಅಕ್ಕ ಶೆಡ್ಡಿನಿಂದ ಬಂದು ಕಾಲು ತೊಳೆದು ಕೂಸನ್ನು ಎತ್ತಿಕೊಳ್ಳುತ್ತಿದ್ದರು. ಈ ಪ್ರಶ್ನೆಗೆ "ಏನೂ ಆಗಲ್ಲ ಬಿಡಿ" ಅಂತ ಹೇಳಿ ಮುಗಿಸುವುದು ಸುಲಭ. ಒಂದು ಸಲ ಹಾಗೆ ಎರಡು ನಿಮಿಷದಲ್ಲಿ ಮುಗಿಸಿ ಆಗಿತ್ತಲ್ಲ. ಹಾಗಾಗಿ ಕೂತು ಹೇಳಿದೆ.

ಮಕ್ಕಳಿಗೆ ಬರುವ ರೋಟಾ ಭೇದಿ ಮತ್ತು ಇದು ಒಂದೇ ಬಳಗದ ವೈರಸ್. 1973ರಲ್ಲಿ ಮೆಲ್ಬರ್ನಿನಲ್ಲಿ ರೂತ್ ಬಿಷಪ್ ಮತ್ತು ಅವರ ಜೊತೆಗಾರರು ಭೇದಿಯಾದ ಮಕ್ಕಳ ಕರುಳಿನ ಚೂರನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಈ ವೈರಸ್ ಕಂಡಿತು. ದುಂಡಗೆ ಚಕ್ರದ ಹಾಗೆ ಕಾಣುತ್ತದೆ ಅಂತ ಲ್ಯಾಟಿನ್ನಿನಲ್ಲಿ ಚಕ್ರಕ್ಕಿರುವ ರೋಟಾ ಎಂಬ ಹೆಸರೇ ಬಂತು. ಕರು, ಹಂದಿ, ಕುದುರೆ, ಮೊಲ, ಮನುಷ್ಯ, ಒಬ್ಬೊಬ್ಬರಿಗೂ ಅವರವರ ತಳಿ ಇದೆ. ಸಾಮಾನ್ಯವಾಗಿ ಒಂದರದ್ದು ಇನ್ನೊಂದಕ್ಕೆ ದಾಟುವುದಿಲ್ಲ. ಆದರೆ ಯಾವತ್ತೂ ದಾಟುವುದೇ ಇಲ್ಲ ಅಂತ ಹೇಳಲಾಗದು. ಬೆಲ್ಜಿಯಂನಲ್ಲಿ 2000ದಲ್ಲಿ ಭೇದಿಯಾದ ಒಂದು ಮಗುವಿನಲ್ಲಿ ಸಿಕ್ಕ ತಳಿ ಮೊಲದ್ದನ್ನೇ ಹೋಲುತ್ತಿತ್ತು. ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನಲ್ಲೇ ನವಜಾತ ಶಿಶುಗಳಲ್ಲಿ ಐ321 ಅನ್ನುವ ತಳಿ ಸಿಕ್ಕಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾರಾವ್ ಅವರ ತಂಡ ಅದನ್ನು ಪರೀಕ್ಷಿಸಿದಾಗ 11 ತುಣುಕುಗಳಲ್ಲಿ 9 ದನದ ವೈರಸ್‌ನವು. ಆ ಶಿಶುಗಳಿಗೆ ಭೇದಿ ಆಗಿರಲಿಲ್ಲ ಅನ್ನುವುದು ಸಮಾಧಾನದ ವಿಷಯ.

"ಕೂಸಿಗೆ ಆರು ವಾರಕ್ಕೆ ಬಾಯಿಗೆ ಹನಿ ಹಾಕಿಸಿದ್ದೀರಲ್ವಾ? ಅದರಲ್ಲಿ ರೋಟಾದ್ದೂ ಇರುತ್ತೆ" ಅಂದೆ. ಕಾರ್ಡ್ ತಂದು ತೋರಿಸಿದರು. ಆರನೇ ವಾರದ್ದು ಆಗಿತ್ತು. ಹತ್ತು ಮತ್ತು ಹದಿನಾಲ್ಕನೇ ವಾರದ್ದು ತಪ್ಪಿಸಬೇಡಿ ಅಂದೆ. ಶೆಡ್ಡಿಗೆ ಬೇರೆ ಚಪ್ಪಲಿ, ಬೇರೆ ಸೀರೆ. ಬಂದ ಮೇಲೆ ಸೋಪು ಹಾಕಿ ಕೈ ತಿಕ್ಕಿ ತೊಳೆದು, ಬಟ್ಟೆ ಬದಲಿಸಿ, ಆಮೇಲೆ ಕೂಸು. ಕೂಸಿಗೆ ಲಸಿಕೆ ಇದೆ, ಮೊಲದ ಮರಿಗೆ ಇಲ್ಲ. ಮೊಲದ ರೋಟಾವೈರಸ್‌ಗೆ ಮಾರುಕಟ್ಟೆಯಲ್ಲಿ ಸಿಗುವ ಲಸಿಕೆ ಯಾವುದೂ ಇಲ್ಲ.

ಇನ್ನು ಕೆಲಸ. ಈ ಸಲ ಹಾಳೆಯ ಮೇಲೆ ಬರೆದುಕೊಟ್ಟೆ. ದಪ್ಪ ಅಕ್ಷರದಲ್ಲಿ ಮೊದಲ ಸಾಲು, ಯಾವ ಸಿರಪ್ ಆಗಲಿ ಮಾತ್ರೆ ಆಗಲಿ ನನ್ನನ್ನು ಕೇಳದೆ ಬಾಯಿಗೆ ಹಾಕಬೇಡಿ. ಭೇದಿ ಕಂಡ ಮರಿಗೆ ಕೈತಿಂಡಿ ನಿಲ್ಲಿಸಿ, ಒಣ ಹುಲ್ಲು ಮಾತ್ರ ಎಷ್ಟು ತಿಂದರೆ ಅಷ್ಟು. ಒಣ ಹುಲ್ಲು ನೆರೆಮನೆಯ ಅಟ್ಟದಲ್ಲಿತ್ತು, ಎರಡು ಹೊರೆ ಕೇಳಿ ತಂದರು. ಒಂದು ಬಾಟಲಿಯಲ್ಲಿ ಓಆರ್‌ಎಸ್, ಇನ್ನೊಂದರಲ್ಲಿ ಬರೀ ನೀರು. ಓಆರ್‌ಎಸ್ ದಿನಾ ಹೊಸದಾಗಿ ಕಲಸಬೇಕು. ಕುಡಿಯದ ಮರಿಗೆ ಸೂಜಿ ಇಲ್ಲದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಹನಿ ಹನಿಯಾಗಿ. ಚಳಿ ಗಾಳಿ ಬರುವ ಕಡೆ ಗೋಣಿಚೀಲ ಕಟ್ಟಿ. ನಾನು ಬೆಳಗ್ಗೆ ಸಂಜೆ ಹೋಗಿ ಡ್ರಿಪ್ಪಿಗೆ ಹಾಕುವ ರಿಂಗರ್ ಲ್ಯಾಕ್ಟೇಟ್ ದ್ರವದ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ಅರ್ಧ ಕೆ.ಜಿ. ಮರಿಗೆ ಸುಮಾರು 20 ಮಿ.ಲೀ. ಲೆಕ್ಕದಲ್ಲಿ ಹೆಗಲಿನ ಚರ್ಮದ ಕೆಳಗೆ ಕೊಡುತ್ತಿದ್ದೆ. ಚರ್ಮ ಎತ್ತಿ ಬಿಟ್ಟಾಗ ಅದು ಎಷ್ಟು ಬೇಗ ಕೂರುತ್ತದೆ ಅಂತ ನೋಡಲು ಅಕ್ಕನಿಗೆ ಹೇಳಿಕೊಟ್ಟೆ. ಎರಡೇ ದಿನದಲ್ಲಿ ಅವರಿಗೆ ನನಗಿಂತ ಚೆನ್ನಾಗಿ ಬಂತು. ಯಾವ ಮರಿಗೆ ಮೊದಲು ಕೊಡಬೇಕು ಅಂತ ಅವರೇ ತೋರಿಸುತ್ತಿದ್ದರು.

ಒಂದು ರಾತ್ರಿ ಗಾಬರಿಯಿಂದ ಫೋನ್ ಮಾಡಿದರು, ತಾಯಿ ಮೊಲಕ್ಕೂ ಬಂತು ಅಂತ. ಫೋಟೋ ಕಳಿಸಿ ಅಂದೆ. ಸಣ್ಣ ದ್ರಾಕ್ಷಿ ಗೊಂಚಲಿನ ಹಾಗೆ ಹೊಳೆಯುವ ಮೆತ್ತನೆಯ ಹಿಕ್ಕೆ. ಅದು ಭೇದಿ ಅಲ್ಲ. ಮೊಲ ರಾತ್ರಿ ಹೊತ್ತು ಹಾಕಿ ತಾನೇ ತಿನ್ನುವ ಹಿಕ್ಕೆ ಅದು. ಅದರಲ್ಲಿ ವಿಟಮಿನ್, ಪ್ರೋಟೀನ್ ಇರುತ್ತದೆ. ಆರೋಗ್ಯವಾಗಿರುವ ಮೊಲ ಅದನ್ನು ನೇರವಾಗಿ ಬಾಯಿಗೇ ತೆಗೆದುಕೊಳ್ಳುವುದರಿಂದ ನಮ್ಮ ಕಣ್ಣಿಗೆ ಬೀಳುವುದು ಕಮ್ಮಿ. ಹೊಸದಾಗಿ ಮೊಲ ಸಾಕುವವರು ಇದನ್ನು ನೋಡಿ ಹೆದರುವುದು ತುಂಬಾ ಸಾಮಾನ್ಯ.

ಶುಚಿ ಮಾಡುವುದು ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು. ಈ ವೈರಸ್‌ಗೆ ಮೇಲೆ ಕೊಬ್ಬಿನ ಹೊದಿಕೆ ಇಲ್ಲ. ಹಾಗಾಗಿ ಬರೀ ಫಿನಾಯಿಲ್ ಚಿಮುಕಿಸಿದರೆ ಹೋಗುವಂಥದ್ದಲ್ಲ, ಹಿಕ್ಕೆಯಲ್ಲಿ ಬಹಳ ದಿನ ಜೀವ ಹಿಡಿದಿರುತ್ತದೆ. ಹಿಕ್ಕೆ ಮೆತ್ತಿದ ಪಂಜರದ ಮೇಲೆ ಬ್ಲೀಚಿಂಗ್ ನೀರು ಹಾಕಿದರೂ ಅದು ಹಿಕ್ಕೆಯ ಮೇಲೇ ಖರ್ಚಾಗಿ ಹೋಗುತ್ತದೆ. ಮೊದಲು ಕೆರೆದು ತೆಗೆಯಬೇಕು. ಆಮೇಲೆ ವಾಷಿಂಗ್ ಸೋಡಾ ಹಾಕಿ ತಿಕ್ಕಿ ತೊಳೆಯಬೇಕು. ಆಮೇಲೆ ಬ್ಲೀಚಿಂಗ್ ನೀರು. ಆಮೇಲೆ ಬಿಸಿಲು. ಕೊನೆಗೆ ತಂತಿಗೆ ಗ್ಯಾಸ್ ಉರಿ ಹಿಡಿಯಬೇಕು, ತಂತಿಗೆ ಅಂಟಿದ ರೋಮ ಸುಟ್ಟು ಹೋಗುವವರೆಗೆ. ಕಾಕ್ಸಿಡಿಯಾದ ಮೊಟ್ಟೆಗೂ ಬೆಂಕಿಯೇ ಸರಿಯಾದ ಮದ್ದು. ಮಳೆ ಬಿಟ್ಟ ಮೂರು ದಿನ ಇಡೀ ಮನೆಯವರು ಸೇರಿ ಈ ಕೆಲಸ ಮಾಡಿದರು. ಯಜಮಾನರು ತೋಟದ ಕೆಲಸ ಬಿಟ್ಟು ಪಂಜರ ಇಳಿಸಿಕೊಟ್ಟರು. ಸತ್ತವನ್ನೆಲ್ಲ ಆಳ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದರು.

ಮರಿ ಮಾರುವುದನ್ನು ನಿಲ್ಲಿಸಿ ಅಂದಾಗ ಮಾತ್ರ ಅಕ್ಕ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಎಪ್ಪತ್ತಕ್ಕೂ ಹೆಚ್ಚು ಮರಿ ಕಳೆದುಕೊಂಡಿದ್ದಾರೆ. ಉಳಿದದ್ದನ್ನಾದರೂ ಮಾರೋಣ ಅಂದರೆ ಡಾಕ್ಟರು ಬೇಡ ಅನ್ನುತ್ತಾರೆ. ಆಮೇಲೆ ಅವರೇ ಅಂದರು, "ನನ್ನಿಂದ ತಗೊಂಡು ಹೋದೋರ ಮನೇಲೂ ಹಿಂಗೇ ಆದ್ರೆ? ಬೇಡ ಬಿಡಿ." ಮುಂಗಡ ಕೊಟ್ಟಿದ್ದ ಇಬ್ಬರಿಗೆ ದುಡ್ಡು ವಾಪಸ್ ಕೊಟ್ಟರು. ಆ ದುಡ್ಡಿನ ಬೆಲೆ ನನಗೆ ಗೊತ್ತು.

ಸಾವು ಒಂದೇ ದಿನಕ್ಕೆ ನಿಲ್ಲಲಿಲ್ಲ. ಎರಡು ದಿನ ಬಿಟ್ಟು ಮೂರು, ಮಾರನೇ ದಿನ ಒಂದು, ಹೀಗೆ ಇಳಿಯುತ್ತಾ ಬಂತು. ಹಲ್ಲು ಕಡಿಯುತ್ತಿದ್ದ ಆ ಮರಿ ಅಷ್ಟರಲ್ಲಿ ಹೋಗಿತ್ತು. ಅದರ ಜೊತೆ ಹುಟ್ಟಿದ ಮೂರು ಉಳಿದವು.

ಈಗ ಅವರ ಶೆಡ್ಡಿನಲ್ಲಿ ಮರಿಗಳನ್ನು ತಾಯಿಯಿಂದ ತೆಗೆಯುವುದಿಲ್ಲ, ತಾಯಿಯನ್ನೇ ತೆಗೆಯುತ್ತಾರೆ. ಮರಿಗಳು ಒಂದು ವಾರ ಹುಟ್ಟಿದ ಪಂಜರದಲ್ಲೇ, ಒಡಹುಟ್ಟಿದವುಗಳ ಜೊತೆಯಲ್ಲೇ ಇರುತ್ತವೆ. ಬಿಡಿಸುವುದೂ 35 ದಿನ ಆದ ಮೇಲೆ. ಮೇವು ಬದಲಿಸಬೇಕಾದರೆ ಹತ್ತು ದಿನ ಹಳೆಯದು ಹೊಸದು ಬೆರೆಸುತ್ತಾ ಹೋಗುತ್ತಾರೆ. ನುಚ್ಚು ಪೂರ್ತಿ ನಿಂತಿದೆ. ಬೇಸಿಗೆಯಲ್ಲೇ ಹುಲ್ಲು ಒಣಗಿಸಿ ಅಟ್ಟಕ್ಕೆ ಏರಿಸುತ್ತಾರೆ. ಬೆಳೆಯುವ ಮರಿಗಳ ಪಂಜರ ಒಂದು ಸಲ ತುಂಬಿದರೆ ಖಾಲಿಯಾಗುವವರೆಗೆ ಹೊಸ ಮರಿ ಸೇರಿಸುವುದಿಲ್ಲ, ಖಾಲಿಯಾದ ಮೇಲೆ ತೊಳೆದು ಉರಿ ಹಿಡಿಯದೆ ತುಂಬಿಸುವುದಿಲ್ಲ. ಹೊರಗಿನಿಂದ ಬಂದ ಮೊಲ ಒಂದು ತಿಂಗಳು ದನದ ಕೊಟ್ಟಿಗೆಯ ಆಚೆ ಬದಿ ಇರುತ್ತದೆ. ನೀರು, ಮೇವು ಹಾಕುವಾಗ ಮೊದಲು ಚಿಕ್ಕ ಮರಿ ಇರುವ ತಾಯಂದಿರು, ಕೊನೆಗೆ ಕಾಯಿಲೆಯವು. ಅಕ್ಕನ ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನಿನಲ್ಲಿ ಗೀಟು ಎಳೆದ ಒಂದು ಹೊಸ ಸಾಲು ಬಂದಿದೆ. ಅದರ ಮೇಲೆ "35" ಅಂತ ಬರೆದಿದ್ದಾರೆ.

ನನ್ನ ಚೀಲದಲ್ಲಿ ಈಗ ಒಂದು ಕಟ್ಟು ಹಾಳೆ ಇರುತ್ತದೆ. ಔಷಧಿ ಚೀಟಿಯ ಜೊತೆಗೆ ಅದನ್ನೂ ಕೊಡುತ್ತೇನೆ. ಒಂದು ಬದಿಯಲ್ಲಿ ಕೊಡಬಾರದ ಔಷಧಿಗಳು, ಇನ್ನೊಂದು ಬದಿಯಲ್ಲಿ ನಾನು ಬರುವವರೆಗೆ ಮಾಡಬೇಕಾದ ಕೆಲಸ. ಫೋನಿನಲ್ಲಿ ಮೊದಲು ಕೇಳುವುದು ಎಷ್ಟು ದಿನದ ಮರಿ ಅಂತ.

ಕಳೆದ ವಾರ ರಾತ್ರಿ ಎಂಟೂವರೆಗೆ ಅಕ್ಕನ ಫೋನ್ ಬಂತು.

"ಡಾಕ್ಟ್ರಮ್ಮ, ಏಳನೇ ಪಂಜರದಲ್ಲಿ ಎರಡು ಮರಿಗೆ ಸಂಜೆಯಿಂದ ಹಿಕ್ಕೆ ಸಡಿಲ ಆಗಿದೆ. 37 ದಿನದವು. ಕೈತಿಂಡಿ ತೆಗೆದು ಹುಲ್ಲು ಹಾಕಿದ್ದೀನಿ. ಓಆರ್‌ಎಸ್ ಇಟ್ಟಿದ್ದೀನಿ, ಕುಡೀತಿವೆ. ಎರಡನ್ನೂ ಬೇರೆ ಮಾಡಿದ್ದೀನಿ. ಸ್ಯಾಂಪಲ್ ಐಸಲ್ಲಿದೆ. ನೀವು ಬೆಳಗ್ಗೆ ಬಂದ್ರೆ ಸಾಕು."